ಹುಲ್ಲುಹಾಸು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಆಸುಪಾಸಿನಲ್ಲಿ ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಎಂಬ ಊರುಗಳಿವೆ. ಈ ಹೆಸರುಗಳ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ ಎಂಬ ಶಬ್ದವು ಜನರ ನಾಲಗೆಯಲ್ಲಿ ಸವೆದು ಉಂಟಾದ ರೂಪ. ಕಡಲಿಲ್ಲದ ಈ ಸೀಮೆಯ ಹಿರಿಯರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದು, ಊರಿಗೂ ಆ ಹೆಸರನ್ನೇ ಇಟ್ಟರು. ರಾಗಿಯ ಹೊಲಗಳಿದ್ದ ಕಡೆ ಇಂದು ಬಹುಮಹಡಿ ವಸತಿಗಳೂ ಕಚೇರಿಗಳೂ ಎದ್ದು ನಿಂತಿವೆ. 2025ರ ಆಗಸ್ಟ್ ತಿಂಗಳಿಂದ ಸಿಂಗಸಂದ್ರದಲ್ಲಿ ಮೆಟ್ರೊ ರೈಲೂ ನಿಲ್ಲುತ್ತಿದೆ.

ಕಟ್ಟಡವೊಂದು ಮುಗಿದೊಡನೆ ಅದರ ಅಂಗಳ ಹಸಿರಾಗಿ ಕಾಣಬೇಕೆಂದು ಜನರು ಬಯಸುವುದು ಸಹಜ. ಅದಕ್ಕಾಗಿ ಬೇರೆಡೆ ಬೆಳೆಸಿ, ತೆಳುವಾದ ಮಣ್ಣಿನ ಪದರದೊಡನೆ ಕತ್ತರಿಸಿದ ಹುಲ್ಲಿನ ತುಂಡುಗಳನ್ನು ಲಾರಿಗಳಲ್ಲಿ ತರಿಸಿ ಹಾಸುತ್ತಾರೆ. ಬೆಳಿಗ್ಗೆ ಬರಿಯ ನೆಲವಾಗಿದ್ದುದು ಸಂಜೆಗೆ ಹಚ್ಚಹಸಿರಾಗುತ್ತದೆ. ಆದರೆ ಹಾಸಿದ್ದು ಜಮಖಾನೆಯಲ್ಲ. ಬೇರು ಕಡಿಸಿಕೊಂಡು ಹೊಸ ನೆಲಕ್ಕೆ ಬಂದಿರುವ ಜೀವ. ಅದನ್ನು ಹಾಸುವುದು ಒಂದು ದಿನದ ಕೆಲಸ, ಉಳಿಸಿಕೊಳ್ಳುವುದು ವರ್ಷಗಳ ಕೆಲಸ.

ಹುಲ್ಲುಹಾಸನ್ನು ಒಂದು ಕಲೆಯಾಗಿ ಬೆಳೆಸಿದವರು ಯೂರೋಪಿನ ಜನ. ಇಂಗ್ಲೆಂಡಿನ ಸಿರಿವಂತರ ಬಯಲುಗಳಲ್ಲಿ ಕುರಿಗಳು ಮೇಯ್ದು, ಆಳುಗಳು ಉದ್ದ ಹಿಡಿಯ ಕುಡುಗೋಲುಗಳಿಂದ ಕೊಯ್ದು ಹುಲ್ಲನ್ನು ಗಿಡ್ಡವಾಗಿಡುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು, ಅದೇ ಬಗೆಯ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಬ್ರಿಟಿಷರ ಕಾಲದಲ್ಲಿ ಈ ರೂಢಿ ನಮ್ಮಲ್ಲಿಗೂ ಬಂದಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರು ಲಾಲ್‌ಬಾಗನ್ನು ಬೆಳೆಸಿ, ಬೆಂಗಳೂರಿಗೆ ಉದ್ಯಾನನಗರಿಯ ರೂಪು ಬರಲು ಬಹುಮಟ್ಟಿಗೆ ಕಾರಣರಾದರು. ಆದರೆ ಇಂಗ್ಲೆಂಡಿನಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಬೆಂಗಳೂರಿನಲ್ಲಿ ಅದರ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸುರಿದು, ಜನವರಿಯಿಂದ ಮಾರ್ಚ್‌ವರೆಗೆ ನೆಲ ಒಣಗಿರುತ್ತದೆ. ಈ ಭೇದವನ್ನು ಅರಿಯದೆ ಬೆಳೆಸಿದ ಹುಲ್ಲುಹಾಸು ಬಾಳದು.

ನಮ್ಮ ನೆಲಕ್ಕೆ ಒಗ್ಗಿದ ಹುಲ್ಲೆಂದರೆ ಗರಿಕೆ. ಗಣಪತಿಯ ಪೂಜೆಗೆ ಬಳಸುವ ಈ ಹುಲ್ಲೇ ಪ್ರಪಂಚದ ಅನೇಕ ಆಟದ ಬಯಲುಗಳನ್ನೂ ಹೊದಿಸಿದೆ. ಇದರ ಕಾಂಡಗಳು ನೆಲದ ಮೇಲೂ ಒಳಗೂ ಹರಿದು, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತವೆ. ನೀರು ಸಾಲದಾದಾಗ ಎಲೆಗಳು ಕಂದಿದರೂ ಒಳಗಿನ ಕಾಂಡ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ. ಆದರೆ ಗರಿಕೆಗೆ ಬಿಸಿಲು ಬೇಕೇ ಬೇಕು. ಎತ್ತರದ ಕಟ್ಟಡದ ಅಥವಾ ದಟ್ಟವಾದ ಮರದ ನೆರಳಿನಲ್ಲಿ ಅದು ಸೊರಗುತ್ತದೆ. ಅಂಥಲ್ಲಿ ನೆರಳನ್ನು ಸಹಿಸುವ ಬೇರೆ ಸಸಿಗಳನ್ನು ನೆಡುವುದೇ ಸರಿ.

ಹೊಸ ಕಟ್ಟಡದ ಅಂಗಳದಲ್ಲಿ ಇಟ್ಟಿಗೆಯ ಚೂರು, ಜಲ್ಲಿ, ಸಿಮೆಂಟಿನ ಉಂಡೆಗಳು ಹೂತಿರುತ್ತವೆ. ಲಾರಿಗಳು ಓಡಾಡಿ ಮಣ್ಣು ಗಟ್ಟಿಯಾಗಿರುತ್ತದೆ. ಆದುದರಿಂದ ಮೊದಲು ಸುಮಾರು 20ರಿಂದ 30 ಸೆಂ.ಮೀ. ಆಳಕ್ಕೆ ಅಗೆದು, ಕಸವನ್ನು ಆರಿಸಿ ತೆಗೆಯಬೇಕು. ತರುವಾಯ ನೀರುಣಿಸಿ, ಮೊಳೆತ ಕಳೆಗಳನ್ನು ಗೆಡ್ಡೆಸಮೇತ ಕೀಳಬೇಕು. ಕೊನ್ನಾರಿಯ ಗೆಡ್ಡೆ ಒಂದು ಉಳಿದರೂ ಹತ್ತಾಗುತ್ತದೆ. ಬಳಿಕ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಗೋಡೆಯ ಕಡೆಯಿಂದ ಹೊರಕ್ಕೆ ನೀರು ಹರಿಯುವಂತೆ ತುಸು ಇಳಿಜಾರಾಗಿ ನೆಲವನ್ನು ಸಮಮಾಡಬೇಕು.

ಹುಲ್ಲಿನ ತುಂಡುಗಳು ಬಂದ ದಿನವೇ ಅವನ್ನು ಹಾಸಿ ಮುಗಿಸಬೇಕು. ಒಂದರ ಮೇಲೊಂದು ಪೇರಿಸಿಟ್ಟರೆ ಒಳಗೆ ಕಾವೇರಿ ಹುಲ್ಲು ಹಳದಿಯಾಗುತ್ತದೆ. ಗೋಡೆ ಕಟ್ಟುವವನು ಇಟ್ಟಿಗೆಯ ಸಂದುಗಳು ಒಂದೇ ಸಾಲಿಗೆ ಬರದಂತೆ ನೋಡಿಕೊಳ್ಳುವಂತೆ, ಇಲ್ಲಿಯೂ ಸಂದುಗಳನ್ನು ತಪ್ಪಿಸಿ ಹಾಸಬೇಕು. ಸಂದುಗಳಿಗೆ ಮರಳು ಬೆರೆಸಿದ ಮಣ್ಣನ್ನು ತುಂಬಿ, ಬೇರು ನೆಲಕ್ಕೆ ತಾಗುವಂತೆ ಒತ್ತಿ, ಕೂಡಲೆ ನೀರು ಹಾಯಿಸಬೇಕು. ಮೊದಲ ಎರಡು ವಾರ ನೆಲ ಒಣಗಕೂಡದು. ತುಂಡಿನ ಅಂಚನ್ನು ಮೆಲ್ಲನೆ ಎಳೆದಾಗ ಅದು ಬಿಗಿಯಾಗಿ ಹಿಡಿದುಕೊಂಡರೆ ಬೇರು ಇಳಿದಿದೆಯೆಂದು ತಿಳಿಯಬಹುದು.

ಆಮೇಲೆ ನೀರಿನ ಕ್ರಮ ಬದಲಾಗಬೇಕು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲ್ಪದರದಲ್ಲಿಯೇ ಉಳಿಯುತ್ತದೆ. ಕೆಲವು ದಿನಗಳಿಗೊಮ್ಮೆ, ಮುಂಜಾನೆಯ ಹೊತ್ತು, ಆಳಕ್ಕೆ ಇಂಗುವಂತೆ ಹಾಯಿಸಿದರೆ ಬೇರು ನೀರನ್ನು ಅರಸಿ ಕೆಳಗಿಳಿಯುತ್ತದೆ. ಕತ್ತರಿಸುವಾಗಲೂ ಮಿತಿ ಬೇಕು. ಎಲೆಯೇ ಹುಲ್ಲಿಗೆ ಅಡಿಗೆಮನೆ. ಒಂದು ಸಲಕ್ಕೆ ಅದರ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಬೇರು ಬಡವಾಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಬೇಸಗೆಯಲ್ಲಿ ಹುಲ್ಲಿಗೆ ದಿನವೊಂದಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೆ, 100 ಚದರ ಮೀಟರಿನ ಹಾಸಿಗೆ 500 ಲೀಟರ್ ಬೇಕಾಗುತ್ತದೆ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ಎಂದರೆ ಆ ಹಸಿರು ಚೌಕವು ಸುಮಾರು ನಾಲ್ವರ ನೀರನ್ನು ಕುಡಿಯುತ್ತದೆ! ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುವಂಥದು. 2023ರಲ್ಲಿ ಮಳೆ ಕೈಕೊಟ್ಟು, ಮುಂದಿನ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. 2024ರ ಮಾರ್ಚ್‌ನಲ್ಲಿ ಜಲಮಂಡಲಿಯು ಕುಡಿಯುವ ನೀರನ್ನು ಕೈದೋಟಗಳಿಗೆ ಬಳಸಕೂಡದೆಂದು ಆಜ್ಞೆ ಮಾಡಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು.

ಹಾಗೆಂದು ಹುಲ್ಲುಹಾಸೇ ಬೇಡವೆನ್ನಲಾಗದು. ಅದು ಧೂಳನ್ನು ತಡೆಯುತ್ತದೆ, ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ, ಮಳೆನೀರು ಇಂಗಲು ಅವಕಾಶ ಕೊಡುತ್ತದೆ. ಮಕ್ಕಳಿಗೆ ಆಡಲು ಮೆತ್ತನೆಯ ನೆಲವಾಗುತ್ತದೆ. ಬೇಕಾದುದು ವಿವೇಕ. ಮುಂಗಾರು ಕಾಲೂರಿದಾಗ ಹಾಸಿದರೆ ಮೊದಲ ವಾರಗಳ ನೀರಿನ ಹೊಣೆಯನ್ನು ಮಳೆಯೇ ಬಹುಪಾಲು ಹೊರುತ್ತದೆ. ದೊಡ್ಡ ವಸತಿಗಳಲ್ಲಿ ಬಳಸಿದ ನೀರನ್ನು ಸಂಸ್ಕರಿಸಿ ತೋಟಕ್ಕೆ ಹಾಯಿಸಬಹುದು. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳಲ್ಲಿ ಈ ಪದ್ಧತಿ ಉಂಟು. ನಡೆದಾಡಲು, ಆಡಲು ಬೇಕಾದಷ್ಟೇ ಜಾಗದಲ್ಲಿ ಹುಲ್ಲನ್ನು ಬೆಳೆಸಿ, ಉಳಿದೆಡೆ ಮರಗಿಡಗಳನ್ನು ನೆಡಬಹುದು. ಬೇಸಗೆಯಲ್ಲಿ ಗರಿಕೆ ಕಂದಿತೆಂದು ಕಳವಳಪಡಬೇಕಾಗಿಲ್ಲ. ಅದು ಸತ್ತಿಲ್ಲ, ಮಲಗಿದೆ. ಕೆರೆಗೆ ಸಮುದ್ರವೆಂದು ಹೆಸರಿಟ್ಟವರ ಊರಿನಲ್ಲಿ ಹಸಿರನ್ನು ಬಯಸುವವರು ಮೊದಲು ನೀರನ್ನು ಅಳೆಯಲು ಕಲಿಯಬೇಕು.

ಅಭ್ಯಾಸ

1. ‘ಸಿಂಗಸಂದ್ರ’ ಎಂಬ ಹೆಸರಿನ ಕೊನೆಯ ಭಾಗ ಹೇಗೆ ಉಂಟಾಯಿತು?
2. ಹುಲ್ಲು ಹಾಸುವ ಮೊದಲು ನೆಲವನ್ನು ಹೇಗೆ ಸಿದ್ಧಪಡಿಸಬೇಕು?
3. ‘ಅದು ಸತ್ತಿಲ್ಲ, ಮಲಗಿದೆ’ – ಈ ಮಾತನ್ನು ವಿವರಿಸಿರಿ.
4. ನಿಮ್ಮ ಶಾಲೆಯ ಅಂಗಳವನ್ನು ಅಳೆದು, ಅಲ್ಲಿ ಹುಲ್ಲು ಬೆಳೆಸಲು ಬೇಸಗೆಯಲ್ಲಿ ದಿನಕ್ಕೆ ಎಷ್ಟು ನೀರು ಬೇಕಾದೀತೆಂದು ಲೆಕ್ಕ ಹಾಕಿರಿ.