ನಾಯಿಯ ಕಣ್ಣಿನ ಬೇನೆ

ನಾಯಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಆದುದರಿಂದ ಅದರ ಬೇನೆಯನ್ನು ನಾವೇ ಲಕ್ಷ್ಯವಿಟ್ಟು ನೋಡಿ ಅರಿಯಬೇಕು.

ಆರೋಗ್ಯವುಳ್ಳ ಕಣ್ಣು ತಿಳಿಯಾಗಿಯೂ ತೇವವಾಗಿಯೂ ಇರುತ್ತದೆ; ಎರಡು ಕಣ್ಣುಗಳೂ ಸಮನಾಗಿ ತೆರೆದಿರುತ್ತವೆ. ಮುಂಜಾನೆ ಮೂಲೆಯಲ್ಲಿ ಕಾಣುವ ಅಲ್ಪ ಗೀಜು ರೋಗವಲ್ಲ. ಆದರೆ ಕಣ್ಣು ಕೆಂಪೇರಿದರೆ, ರೆಪ್ಪೆ ಬಾತುಕೊಂಡರೆ, ಹಳದಿ ಅಥವಾ ಹಸುರು ಕೀವು ಸುರಿದರೆ, ನಾಯಿಯು ಬೆಳಕಿಗೆ ಕಣ್ಣು ಮುಚ್ಚಿ ಮುಂಗಾಲಿನಿಂದ ಉಜ್ಜಿಕೊಳ್ಳುತ್ತಿದ್ದರೆ, ಅದಕ್ಕೆ ಬೇನೆಯಾಗಿದೆಯೆಂದು ತಿಳಿಯಬೇಕು.

ಈ ಲಕ್ಷಣಗಳಿಗೆ ಕಾರಣವು ಒಂದೇ ಅಲ್ಲ. ಧೂಳು, ಹೊಗೆ, ಒಳಕ್ಕೆ ಬಾಗಿದ ರೆಪ್ಪೆಗೂದಲು, ರೋಗಾಣುಗಳು ಇವೆಲ್ಲವೂ ಕಣ್ಣನ್ನು ಕೆಂಪಾಗಿಸುತ್ತವೆ. ಕಣ್ಣೀರು ಬತ್ತಿದರೆ ಅಂಟಂಟಾದ ಗೀಜು ಕಟ್ಟುತ್ತದೆ. ಬೆಕ್ಕಿನ ಉಗುರು ತಗಲಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲಿ ಹುಣ್ಣಾಗಬಹುದು. ಮರಿಯ ಕಣ್ಣು ಮೂಗುಗಳೆರಡರಿಂದಲೂ ಕೀವು ಸುರಿದು, ಜ್ವರವೂ ಕೆಮ್ಮೂ ಇದ್ದರೆ ಅದು ಡಿಸ್ಟೆಂಪರ್ ಎಂಬ ಮಾರಕ ರೋಗವಾಗಿರಬಹುದು. ಇದನ್ನು ತಡೆಯಲು ಲಸಿಕೆಯುಂಟು.

ಪಶುವೈದ್ಯರು ಕಾಗದದ ಸಣ್ಣ ಪಟ್ಟಿಯಿಂದ ಕಣ್ಣೀರನ್ನು ಅಳೆಯುತ್ತಾರೆ. ಕಣ್ಣಿಗೆ ಒಂದು ಬಣ್ಣವನ್ನು ಹಾಕಿ ನೋಡುತ್ತಾರೆ. ಹುಣ್ಣಿದ್ದಲ್ಲಿ ಅದು ಹಸುರಾಗಿ ಹೊಳೆಯುತ್ತದೆ. ಈ ಪರೀಕ್ಷೆ ಏಕೆ ಬೇಕು? ಊತವನ್ನು ಇಳಿಸುವ ಸ್ಟೀರಾಯ್ಡ್ ಔಷಧಿಯನ್ನು ಹುಣ್ಣಿರುವ ಕಣ್ಣಿಗೆ ಹಾಕಿದರೆ ಹುಣ್ಣು ಮಾಯದೆ ಆಳಕ್ಕಿಳಿದು ದೃಷ್ಟಿಯೇ ನಷ್ಟವಾಗಬಹುದು. ಆದುದರಿಂದ ಮನೆಯಲ್ಲಿ ಉಳಿದಿರುವ ನಮ್ಮ ಕಣ್ಣಿನ ಔಷಧಿಯನ್ನಾಗಲಿ, ಹಾಲು, ಜೇನುತುಪ್ಪಗಳನ್ನಾಗಲಿ ನಾಯಿಯ ಕಣ್ಣಿಗೆ ಹಾಕಲಾಗದು.

ಹಾಗಾದರೆ ನಾವು ಮಾಡಬಹುದಾದುದೇನು? ಹಿರಿಯರ ಸಹಾಯದಿಂದ, ಕೈ ತೊಳೆದುಕೊಂಡು, ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿಯನ್ನು ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಮೆಲ್ಲನೆ ಒರೆಸಬೇಕು. ಒಂದು ಕಣ್ಣಿಗೆ ಬಳಸಿದ ಹತ್ತಿಯನ್ನು ಇನ್ನೊಂದಕ್ಕೆ ಬಳಸಬಾರದು. ಗಟ್ಟಿಯಾದ ಗೀಜನ್ನು ಕೀಳದೆ, ನೆನೆಸಿ ತೆಗೆಯಬೇಕು. ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಕಣ್ಣು ಮಸುಕಾಗಿದ್ದರೆ ಅಥವಾ ತೆರೆಯಲಾಗದಿದ್ದರೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ವೈದ್ಯರು ಕೊಟ್ಟ ಔಷಧಿಯನ್ನು, ಕಣ್ಣು ತಿಳಿಯಾಯಿತೆಂದು ನಡುವೆ ನಿಲ್ಲಿಸದೆ, ಅವರು ಹೇಳಿದಷ್ಟು ದಿನ ಹಾಕಬೇಕು.

ಬೀದಿಯ ನಾಯಿಯನ್ನು ನಾವು ಮುಟ್ಟದೆ ಹಿರಿಯರಿಗೆ ತಿಳಿಸುವುದೇ ಸರಿ. ನೋವಿನಲ್ಲಿರುವ ನಾಯಿ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮುಂಬಯಿಯಲ್ಲಿ 1886ರಲ್ಲಿಯೇ ಪರೇಲಿನಲ್ಲಿ ಪಶುವೈದ್ಯ ಕಾಲೇಜು ಸ್ಥಾಪಿತವಾಯಿತು. ಅಲ್ಲಿ ಪ್ರಾಣಿಗಳ ಆಸ್ಪತ್ರೆಯೂ ಇದೆ. ಚಿಕಿತ್ಸೆ ವೈದ್ಯರ ಕೆಲಸ. ಬೇನೆಯನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ಅವರಲ್ಲಿಗೆ ಒಯ್ಯುವುದು ಸಾಕಿದ ನಮ್ಮ ಕೆಲಸ.