ಬಡ್ಡಿ ಕೇಳುವ ವಿಷಯ

ಸರ್ಕಾರವೂ ಸಾಲಗಾರನಾಗಬಲ್ಲುದು, ಆದಾಗ ಅದರ ಮೇಲೂ ಬಡ್ಡಿ ಏರತಕ್ಕದ್ದು ಎಂಬ ಸಂಗತಿಯನ್ನು, ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ನಾನು ಕೇವಲ ಪುಸ್ತಕದ ಮಾತಾಗಿ ತಿಳಿದಿದ್ದೆನಲ್ಲದೆ, ಅದು ಮನುಷ್ಯರ ಮಧ್ಯೆ ಹೇಗೆ ನಡೆಯುತ್ತದೆ, ಎಲ್ಲಿ ನಡೆಯದೆ ನಿಲ್ಲುತ್ತದೆ ಎಂಬುದನ್ನು ಕಂಡವನಾಗಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ, ಜೆಸಿಬಿ ಟಿಪ್ಪರುಗಳನ್ನು ಬಾಡಿಗೆಗೆ ಓಡಿಸುತ್ತಿದ್ದ ನನ್ನ ಚಿಕ್ಕಪ್ಪನ ಮಗನ ಸಣ್ಣ ವ್ಯವಹಾರದ ಲೆಕ್ಕಪತ್ರ ನೋಡಿಕೊಳ್ಳಲು ಒಪ್ಪಿದೆ. ಆ ಶಿಕ್ಷಣ ನನಗೆ ಅಲ್ಲಿ ದೊರೆಯಿತು.

ಹರಿಹರಕ್ಕೂ ದಾವಣಗೆರೆಗೂ ನಡುವಣ ದಾರಿ ಅಲ್ಪವಾದುದಾದರೂ ಮುಂಬಯಿ–ಬೆಂಗಳೂರು ಹೆದ್ದಾರಿಯ ಭಾರವೆಲ್ಲ ಈ ಪ್ರದೇಶದ ಮೇಲೆ ಹಾದುಹೋಗುತ್ತದೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ನಾರು ಮತ್ತು ತಿರುಳಿನ ಕಾರ್ಖಾನೆಗಳು 1970ರ ದಶಕದಿಂದ ನಿಂತಿವೆ. ದಾವಣಗೆರೆಯ ಜನ ಕುಡಿಯುವ ನೀರು ಹರಿಹರದ ಸಮೀಪದ ರಾಜನಹಳ್ಳಿಯಲ್ಲಿ ಇದೇ ನದಿಯಿಂದ ಮೇಲೆತ್ತಲ್ಪಡುತ್ತದೆ. ಹೀಗಿರುವಲ್ಲಿ, ಗಂಧಕಾಮ್ಲ ತುಂಬಿದ ಟ್ಯಾಂಕರೊಂದು ಮಳೆಗಾಲದ ರಾತ್ರಿ ರಸ್ತೆಯಂಚಿನ ಹಳ್ಳಕ್ಕೆ ಮಗುಚಿಬಿದ್ದಾಗ, ಆ ಹಳ್ಳ ಯಾವ ಕಾಲುವೆಗೆ ಕೂಡುತ್ತದೆ, ಆ ಕಾಲುವೆ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆ ಅಧಿಕಾರಿಗಳನ್ನು ಹಿಡಿದುದು ಸಹಜವೇ. ಟೆಂಡರು ಕರೆಯುವುದಕ್ಕೆ ಆಮ್ಲವು ಕಾಯುವುದಿಲ್ಲ. ಫೋನು ಬಂದಿತು, ತಮ್ಮನು ಹೊರಟ.

ಆ ಕೆಲಸದ ಸ್ವರೂಪವನ್ನು ಇಲ್ಲಿ ತುಸು ಹೇಳಬೇಕು, ಏಕೆಂದರೆ ಮುಂದೆ ಬಿಲ್ಲಿನ ಮೇಲೆ ಎದ್ದ ಪ್ರಶ್ನೆಗಳೆಲ್ಲ ಅದನ್ನು ಕಾಣದವರ ಪ್ರಶ್ನೆಗಳು. ತೀಕ್ಷ್ಣವಾದ ಆಮ್ಲದ ಮೇಲೆ ನೀರು ಹೊಯ್ದರೆ ಅದು ಕುದಿದು ಸಿಡಿಯುವುದರಿಂದ, ಮೊದಲು ಒಣಮಣ್ಣಿನ ಒಡ್ಡು ಹಾಕಿ ಹರಿವನ್ನು ತಡೆಯಬೇಕು. ಆಮೇಲೆ ಸುಣ್ಣವನ್ನು, ಗಾಳಿಯ ದಿಕ್ಕಿಗೆ ಬೆನ್ನುಮಾಡಿ ನಿಂತು, ಸ್ವಲ್ಪ ಸ್ವಲ್ಪವಾಗಿ ಎರಚಬೇಕು. ಬುರುಗು ಇಳಿದು ಮಣ್ಣು ಶಾಂತವಾದ ಮೇಲೆ ಅದನ್ನು ಬಗೆದು ತುಂಬಿ, ಅಪಾಯಕಾರಿ ತ್ಯಾಜ್ಯವೆಂದು ನಿರ್ಣಯವಾದ ಭಾಗವನ್ನು ದಾಬಸ್‌ಪೇಟೆಯ ವಿಲೇವಾರಿ ಕೇಂದ್ರದವರೆಗೂ ಸಾಗಿಸಬೇಕು. ಸುಣ್ಣದ ಅಂಗಡಿಯವನನ್ನು ನಿದ್ದೆಯಿಂದ ಎಬ್ಬಿಸಿ ಮೂಟೆ ಹೊರಿಸಿದವರು, ಗಂಬೂಟಿನ ಅಟ್ಟೆ ಸುಟ್ಟುಕೊಂಡವರು, ಬೆಳಗಾಗುವತನಕ ಕೆಮ್ಮುತ್ತ ನಿಂತ ಹಮಾಲರು, ಇವರಿಗೆಲ್ಲ ಕೂಲಿಯನ್ನು ಮರುದಿನವೇ ಕೊಡಬೇಕಾಯಿತು, ಕೊಟ್ಟೂ ಆಯಿತು.

ಇಲ್ಲಿಂದ ಮುಂದೆ ಕಾಲದ ಗತಿಯೇ ಬೇರೆ. ಬಿಲ್ಲನ್ನು ಮಂಡಿಸಿದೊಡನೆ ಮೊದಲು ಕೇಳಲ್ಪಟ್ಟುದು ಕಾರ್ಯಾದೇಶ. ಫೋನಿನ ಮಾತಿಗೆ ಕಡತದಲ್ಲಿ ಪುಟವಿಲ್ಲವಷ್ಟೆ. ಘಟನೋತ್ತರ ಮಂಜೂರಾತಿಗೆ ಬರೆಯೋಣವೆಂದರು, ಬರೆದರು. ವೆಚ್ಚವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕಬೇಕೆಂಬುದು ಆ ಬಳಿಕದ ಸಮಸ್ಯೆ: ರಸ್ತೆಯವರು ಇದು ಪರಿಸರದ ವಿಷಯವೆಂದರು, ಪರಿಸರದವರು ತಮ್ಮದು ಪರಿಶೀಲನೆಯೇ ಹೊರತು ಪಾವತಿಯಲ್ಲವೆಂದರು, ಮೂರನೆಯವರು ಟ್ಯಾಂಕರಿನ ಮಾಲೀಕನೇ ಭರಿಸತಕ್ಕದ್ದೆಂದು ನ್ಯಾಯವಾಗಿಯೇ ನುಡಿದರು, ಆದರೆ ಮಾಲೀಕನು ನಮ್ಮನ್ನು ಕರೆದಿರಲಿಲ್ಲ. ಅಳತೆ ಪುಸ್ತಕದಲ್ಲಿ ಬಗೆದ ಮಣ್ಣಿನ ಘನಮೀಟರು ಎಲ್ಲಿದೆಯೆಂದು ಒಬ್ಬರು ಕೇಳಿದರು. ಆ ಮಣ್ಣು ಆಗಲೇ ದಾಬಸ್‌ಪೇಟೆ ಸೇರಿತ್ತು. ಕೊನೆಗೆ ಎಲ್ಲವೂ ಸರಿಹೋದ ಮೇಲೆ ಬಂದ ಉತ್ತರ, ಈ ಜಿಲ್ಲೆಯ ಪ್ರತಿಯೊಬ್ಬ ಗುತ್ತಿಗೆದಾರನೂ ಬಾಯಿಪಾಠ ಮಾಡಿರುವುದೇ: ಎಲ್‌ಒಸಿ, ಎಂದರೆ ಹಣ ಬಿಡುಗಡೆಯ ಪತ್ರ, ಬಂದಿಲ್ಲ.

ಶಾಸನಗಳು ಇದನ್ನು ಮುಂಗಂಡಿಲ್ಲವೆಂದಲ್ಲ. ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಅಧಿನಿಯಮವು ನಿಸರ್ಗವಿಕೋಪ ಮತ್ತು ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿಗಳಿಗೆ ಟೆಂಡರಿನಿಂದ ವಿನಾಯಿತಿ ಕೊಟ್ಟಿದೆ. ಆದರೆ ಒಂದು ಟ್ಯಾಂಕರ್ ಉರುಳಿದುದಕ್ಕೆ ಘೋಷಣೆ ಹೊರಡಿಸುವವರಾರು? 2005ರ ವಿಪತ್ತು ನಿರ್ವಹಣಾ ಅಧಿನಿಯಮದ 50ನೆಯ ಕಲಮು ಇನ್ನೂ ಮುಂದೆ ಹೋಗಿ, ತುರ್ತು ಖರೀದಿಗೆ ಟೆಂಡರಿನ ವಿಧಿಯು ಬಿಟ್ಟುಹೋದಂತೆ ಭಾವಿಸತಕ್ಕದ್ದೆಂದೂ, ಸಾಮಗ್ರಿ ಬಳಕೆಯಾಯಿತೆಂದು ನಿಯಂತ್ರಣಾಧಿಕಾರಿ ಕೊಟ್ಟ ಪ್ರಮಾಣಪತ್ರವೇ ಲೆಕ್ಕಕ್ಕೆ ಸಾಕಾದ ವೋಚರೆಂದೂ ಹೇಳುತ್ತದೆ. ಹೀಗಾಗಿ ಒಂದು ಹಾಳೆಯ ಪ್ರಮಾಣಪತ್ರ ಆ ರಾತ್ರಿಯೇ ದೊರೆತಿದ್ದರೆ ಮುಂದಿನ ಕಡತವೆಲ್ಲ ತೆಳುವಾಗುತ್ತಿತ್ತೆಂದು ನನಗೆ ತೋರುತ್ತದೆ. ಆದರೆ ಅಪಾಯದ ಎದುರಿನಲ್ಲಿ ಸಹಿ ಕೇಳುವವನನ್ನು ಜನ ಹೀನನೆಂದು ಎಣಿಸುತ್ತಾರೆ. ಆ ಸಂಕೋಚವನ್ನು ನಾನು ಇಂದಿಗೂ ಪೂರ್ತಿ ತಪ್ಪೆಂದು ಹೇಳಲಾರೆ.

ಬಾಯಿಮಾತಿನ ಆಜ್ಞೆಯನ್ನು ನಂಬಿದವನು ನಿರಾಶ್ರಯನೇನೂ ಅಲ್ಲವೆಂಬುದನ್ನು ನಮ್ಮ ವಕೀಲರು ಹಳೆಯದೊಂದು ಪ್ರಕರಣದಿಂದ ತೋರಿಸಿದರು. 1944ರಲ್ಲಿ, ಬಂಗಾಳದ ಕ್ಷಾಮದ ನೆರಳಿನ್ನೂ ಹರಿಯದಿದ್ದಾಗ, ನಾಗರಿಕ ಸರಬರಾಜು ಇಲಾಖೆಯ ಅಧಿಕಾರಿಗಳ ಕೋರಿಕೆಯಂತೆ ಬಿ. ಕೆ. ಮಂಡಲ್ ಅಂಡ್ ಸನ್ಸ್ ಎಂಬ ಸಂಸ್ಥೆ ಆರಾಮಬಾಗಿನಲ್ಲಿ ದಾಸ್ತಾನಿನ ಶೆಡ್ಡುಗಳನ್ನು ಕಟ್ಟಿತು. ವಿಧಿವತ್ತಾದ ಕರಾರಿಲ್ಲವೆಂಬ ಕಾರಣದಿಂದ ಸರ್ಕಾರ ಹಣ ನಿರಾಕರಿಸಿತು. ಕಟ್ಟಿದುದನ್ನು ಸ್ವೀಕರಿಸಿ ಉಪಯೋಗಿಸಿದ ಮೇಲೆ ಕರಾರು ಕಾಯಿದೆಯ 70ನೆಯ ಕಲಮಿನ ಪ್ರಕಾರ ಪರಿಹಾರ ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ತೀರ್ಪಿತ್ತಿತು. ನ್ಯಾಯ ದೊರೆತುದು ನಿಜ. ಅಷ್ಟರಲ್ಲಿ ಸ್ವಾತಂತ್ರ್ಯ, ಸಂವಿಧಾನ, ಎರಡು ಮಹಾಚುನಾವಣೆಗಳು, ಇವೆಲ್ಲ ಆಗಿಹೋಗಿದ್ದವು.

ಆದುದರಿಂದ ಅಸಲಿನ ಹಕ್ಕಿಗಿಂತ ವಿಳಂಬದ ಬೆಲೆಯೇ ಮುಖ್ಯವಾದ ಪ್ರಶ್ನೆ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಧಿನಿಯಮವು, ಕರಾರು ಏನೇ ಇರಲಿ, ನೋಂದಾಯಿತ ಸಣ್ಣ ಸರಬರಾಜುದಾರನಿಗೆ 45 ದಿನಗಳ ಒಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳೂ ಚಕ್ರಬಡ್ಡಿಯಾಗಿ, ಸೇರತಕ್ಕದ್ದೆಂದೂ ವಿಧಿಸಿದೆ; ಕೊಳ್ಳುವವನು ಸರ್ಕಾರವಾದರೂ ವಿನಾಯಿತಿಯಿಲ್ಲ. 2023ರ ಫೆಬ್ರವರಿಯಿಂದ ಎರಡು ವರ್ಷ ಬ್ಯಾಂಕ್ ದರ ಶೇಕಡ 6.75 ಇದ್ದಿತು, ಮೂರು ಪಟ್ಟೆಂದರೆ 20.25; ಒಂದು ಲಕ್ಷಕ್ಕೆ ವರ್ಷದಲ್ಲಿ 22 ಸಾವಿರಕ್ಕೆ ಮಿಕ್ಕು. ಕೇಳಿದವರು ಇದೇನು ದಂಡವೆಂದು ಹುಬ್ಬೇರಿಸುತ್ತಾರೆ. ಆದರೆ ಹಮಾಲರ ಕೂಲಿಗೆಂದು ತಮ್ಮನು ಪೇಟೆಯಲ್ಲಿ ಎತ್ತಿದ ಕೈಗಡದ ದರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಎಂದರೆ ವರ್ಷಕ್ಕೆ 24. ಶಾಸನದ ದಂಡವೆನ್ನಿಸಿಕೊಂಡದ್ದು ಪೇಟೆಯ ಬಡ್ಡಿಯನ್ನು ತೀರಿಸಲಿಕ್ಕೂ ಸಾಲದು. ಶಿಕ್ಷೆ ಎಲ್ಲಿಂದ ಬಂತು?

ಈ ವಿವೇಕವನ್ನು ಸರ್ವೋಚ್ಚ ನ್ಯಾಯಾಲಯ ವಿಷಶುದ್ಧಿಯ ಪ್ರಕರಣವೊಂದರಲ್ಲೇ ಸ್ಪಷ್ಟವಾಗಿ ಆಡಿದೆ. ರಾಜಸ್ಥಾನದ ಉದಯಪುರದ ಬಳಿಯ ಬಿಚ್ಛಡಿ ಗ್ರಾಮದ ಬಾವಿಗಳನ್ನು ಕೆಡಿಸಿದ ಕಾರ್ಖಾನೆಗಳು ಶುದ್ಧೀಕರಣದ ವೆಚ್ಚ ಹೊರಬೇಕೆಂದು 1996ರಲ್ಲಿ ತೀರ್ಪಾಯಿತು, 37.385 ಕೋಟಿ ರೂಪಾಯಿಯ ಆ ಹೊಣೆಯನ್ನು ಅರ್ಜಿಯ ಮೇಲೆ ಅರ್ಜಿ ಹಾಕಿ ಮುಂದೂಡುತ್ತ ಬಂದವರ ಮೇಲೆ, 1997ರ ನವೆಂಬರಿನಿಂದ ಲೆಕ್ಕಹಿಡಿದು ಶೇಕಡ 12ರ ಚಕ್ರಬಡ್ಡಿಯನ್ನು 2011ರಲ್ಲಿ ವಿಧಿಸಲಾಯಿತು. ಕೊಡತಕ್ಕ ಹಣವನ್ನು ಕೈಯಲ್ಲಿ ಹಿಡಿದು ಕೂತವನಿಗೆ ಅದರ ಫಲ ದಕ್ಕಬಾರದೆಂಬುದು ಅದರ ತಿರುಳು. ಕೆಡಿಸಿದವನಿಗೆ ಅನ್ವಯಿಸುವ ತರ್ಕ, ತೊಳೆದವನಿಗೆ ಬಾಕಿಯಿರುವ ಖಜಾನೆಗೆ ಏಕೆ ಅನ್ವಯಿಸಬಾರದು ಎಂಬ ಪ್ರಶ್ನೆಗೆ ನನಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ನಾವು ಬಡ್ಡಿಯನ್ನು ನಮೂದಿಸಿ ನೋಟಿಸು ಕಳಿಸಿದ ಮೇಲೆಯೇ ಕಡತ ಚಲಿಸತೊಡಗಿದುದು. ಕಾರಣ ಆಮೇಲೆ ತಿಳಿಯಿತು: ಅಸಲು ತಡವಾದರೆ ಯಾರೊಬ್ಬರ ಮೇಲೂ ಬರೆಯುವುದಿಲ್ಲ, ಬಡ್ಡಿ ಕೊಟ್ಟರೆ ಮಾತ್ರ, ತಪ್ಪಿಸಬಹುದಾಗಿದ್ದ ವೆಚ್ಚವೆಂದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬೀಳುತ್ತದೆ, ವಿಳಂಬ ಯಾರ ಮೇಜಿನಲ್ಲಾಯಿತೆಂದು ಹೆಸರು ಹುಡುಕುತ್ತಾರೆ. ಮಾರ್ಚ್ ತಿಂಗಳ ಕೊನೆಯಲ್ಲಿ ಕರೆ ಬಂದಿತು. ಸಜ್ಜನರೇ ಆದ ಆ ಅಧಿಕಾರಿ ಚಹಾ ತರಿಸಿ, “ಯಜಮಾನ್ರೆ, ಬಡ್ಡಿ ವಿಷಯ ಬಿಟ್ಟುಬಿಡ್ರಿ, ಅಸಲು ನಾಳೆನೇ ಹಾಕಿಸ್ತೀನಿ. ಒಂದು ಮುಚ್ಚಳಿಕೆ ಬರಕೊಡ್ರಿ ಸಾಕು,” ಎಂದರು. ತಮ್ಮನು ನನ್ನ ಮುಖ ನೋಡಿದ. ಹೊರಗೆ ವರಾಂಡದಲ್ಲಿ ಇಬ್ಬರೇ ನಿಂತಾಗ, “ಅಣ್ಣ, ಮುಂದಿನ ಕೆಲಸಾನೂ ಇವ್ರತ್ರನೇ ಅಲ್ಲೇನು ಕೇಳೋದು?” ಎಂದ. ಈ ಒಂದು ವಾಕ್ಯದ ಎದುರಿನಲ್ಲಿ 2006ರ ಅಧಿನಿಯಮದ ಕಲಮುಗಳೆಲ್ಲ, ಬೀಗವಿಲ್ಲದ ಮನೆಗೆ ಕೊಟ್ಟ ಬೀಗದ ಕೈಯಂತೆ ನನಗೆ ಕಂಡವು.

ಅಮೆರಿಕದವರು ಈ ವರಾಂಡದ ಮಾತನ್ನು ಮುಂಚೆಯೇ ಊಹಿಸಿದಂತಿದೆ. ಅಲ್ಲಿಯ 1982ರ ಶೀಘ್ರ ಪಾವತಿ ಶಾಸನದಂತೆ, ಸಾಮಾನ್ಯವಾಗಿ 30 ದಿನಗಳ ಗಡುವು ದಾಟಿದರೆ ಗುತ್ತಿಗೆದಾರನು ಬಾಯಿ ತೆರೆಯದೆಯೇ ಕಚೇರಿಯು ಬಡ್ಡಿಯನ್ನು ಸೇರಿಸಿ ಕೊಡಬೇಕು. ಅದಕ್ಕೆ ಹೊಸ ಅನುದಾನ ಕೇಳುವಂತಿಲ್ಲ, ಆ ಕಾರ್ಯಕ್ರಮದ ಹಣದಿಂದಲೇ ತೆರಬೇಕು. ನಮ್ಮ ಶಾಸನದ ದರ ಕಠಿನವಾಗಿದೆ, ಆದರೆ ಕೇಳುವ ಹೊರೆಯನ್ನು ಅದು ಸಾಲಕೊಟ್ಟವನ ಮೇಲೆಯೇ ಹೊರಿಸಿಬಿಟ್ಟಿದೆ. ಹೆಚ್ಚಿನ ದರಕ್ಕಿಂತ ಕೇಳದೆ ಬರುವ ದರ ಮೇಲೆಂದು ನನ್ನ ಅಭಿಪ್ರಾಯ.

ಮುಚ್ಚಳಿಕೆಯನ್ನು ನಾವು ಬರೆದುಕೊಡಲಿಲ್ಲ. ಅಸಲನ್ನು ಪಡೆದ ರಸೀದಿಯ ಮೇಲೆ ಬಡ್ಡಿಯ ಹಕ್ಕನ್ನು ಕಾಯ್ದಿರಿಸಿದೆಯೆಂದು ಬರೆದೆವು. ಅಧಿಕಾರಿ ಮುಖ ಸಣ್ಣದು ಮಾಡಿಕೊಂಡರೂ, ಆರ್ಥಿಕ ವರ್ಷ ಮುಗಿದು ಹಣ ವಾಪಸು ಹೋಗುವ ಭಯ ಅವರಿಗೂ ಇದ್ದುದರಿಂದ, ಹಣ ಖಾತೆಗೆ ಬಂದಿತು. ಬಡ್ಡಿಗಾಗಿ 2006ರ ಅಧಿನಿಯಮದಡಿಯ ಫೆಸಿಲಿಟೇಷನ್ ಕೌನ್ಸಿಲಿಗೆ ಅರ್ಜಿ ಹಾಕಿದೆವು. ಅಲ್ಲಿ ಎರಡು ಸೂಕ್ಷ್ಮಗಳು ನಮ್ಮನ್ನು ಉಳಿಸಿವೆ: ಉದ್ಯಮ ನೋಂದಣಿಯು ಆ ರಾತ್ರಿಗಿಂತ ಮೊದಲೇ ಆಗಿದ್ದುದು ಒಂದು, ಏಕೆಂದರೆ ಆಮೇಲೆ ಮಾಡಿಸಿದ ನೋಂದಣಿ ಹಿಂದಿನ ವ್ಯವಹಾರಕ್ಕೆ ಅನ್ವಯಿಸದೆಂದು 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ತೀರ್ಪಾಗಿದೆ, ಬಿಲ್ಲನ್ನು ಕಾಮಗಾರಿಯೆಂದು ಬರೆಯದೆ, ಅದು ಇದ್ದಂತೆಯೇ, ಯಂತ್ರದ ಮತ್ತು ಸಾಗಣೆಯ ಸೇವೆಯೆಂದು ಬರೆದದ್ದು ಇನ್ನೊಂದು, ಏಕೆಂದರೆ ಕಾಮಗಾರಿ ಗುತ್ತಿಗೆಗಳು ಈ ಅಧಿನಿಯಮದ ಹೊರಗೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿವೆ. ಎದುರು ಪಕ್ಷದವರು ಈಗ ವಾದಿಸುತ್ತಿರುವುದೂ ಇದನ್ನೇ: ಮಣ್ಣು ಬಗೆದದ್ದು ಕಾಮಗಾರಿಯೋ ಸೇವೆಯೋ ಎಂದು. ಮುಂದಿನ ವಿಚಾರಣೆಗೆ ಜೆಸಿಬಿಯ ಲಾಗ್ ಪುಸ್ತಕದ ಮೂಲಪ್ರತಿಯನ್ನು ಹಾಜರುಪಡಿಸಬೇಕೆಂದು ಸೂಚನೆಯಾಗಿದೆ. ಸುಣ್ಣದ ಕಲೆಯಿಂದ ಅದರ ಎರಡು ಹಾಳೆಗಳು ಅಂಟಿಕೊಂಡಿರುವುದರಿಂದ, ಅವನ್ನು ಹರಿಯದಂತೆ ಬಿಡಿಸುವ ಬಗೆಯನ್ನು ದಾವಣಗೆರೆಯ ಒಬ್ಬ ಬೈಂಡಿಂಗಿನವರಲ್ಲಿ ವಿಚಾರಿಸುತ್ತಿದ್ದೇನೆ.