ಸಗಣಿ ಹುಳುವಿಗೆ ದಾರಿ ಬಿಡಿ

ದಕ್ಷಿಣ ಆಫ್ರಿಕಾದಲ್ಲಿ ಕೆಲಸಕ್ಕಿರುವ ಮಗ ಕಳೆದ ಡಿಸೆಂಬರಿನಲ್ಲಿ ನಮ್ಮನ್ನು ಕರೆಸಿಕೊಂಡಿದ್ದ. ಅಲ್ಲಿ ಆಗ ಬೇಸಿಗೆ. ನಾನು, ಮನೆಯವಳು, ಮಗ, ಸೊಸೆ, ಮೊಮ್ಮಗಳು ಐದೂ ಜನ ಕಾರಿನಲ್ಲಿ ಆಡೊ ಆನೆ ಉದ್ಯಾನ ನೋಡಲು ಹೋದೆವು. 1931ರಲ್ಲಿ ಅದು ಶುರುವಾದಾಗ ಉಳಿದಿದ್ದುದು 11 ಆನೆ. ಈಗ ನೂರಾರು ಇವೆ.

ದಾರಿಯಲ್ಲೊಂದು ಬೋರ್ಡು. ಅದರಲ್ಲಿ ಆನೆ ಚಿತ್ರ ಇಲ್ಲ, ಸಗಣಿ ಹುಳುವಿನ ಚಿತ್ರ! ಹುಳುವಿಗೆ ಮೊದಲು ದಾರಿ ಬಿಡಬೇಕು, ಲದ್ದಿ ಮೇಲೆ ಗಾಡಿ ಹತ್ತಿಸಬಾರದು ಅಂತ ಮಗ ಓದಿ ಹೇಳಿದ. ನನಗೆ ನಗು ಬಂತು. ಸ್ವಲ್ಪ ಮುಂದೆ ಮೊಮ್ಮಗಳು "ತಾತಾ, ಅಲ್ನೋಡು" ಅಂದಳು. ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದಲೇ ನೋಡಿದೆವು. ಹೆಚ್ಚುಕಡಿಮೆ ಹೆಬ್ಬೆರಳಿನ ಗಾತ್ರದ ಕಪ್ಪು ಹುಳು, ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಲ್ಲಿ ತಳ್ಳುತ್ತಿತ್ತು. ಈ ಜಾತಿಗೆ ಹಾರಲು ಬರುವುದಿಲ್ಲ. ಅದಕ್ಕೇ ಗಾಡಿಗೆ ಬೇಗ ಸಿಕ್ಕಿ ಸಾಯುತ್ತದೆ.

ಮೂರು ಬಗೆ

ಎಲ್ಲ ಸಗಣಿ ಹುಳುಗಳೂ ಉಂಡೆ ಉರುಳಿಸುವುದಿಲ್ಲ. ಕೆಲವು ಉಂಡೆ ಮಾಡಿ ದೂರ ಒಯ್ದು ಹೂಳುತ್ತವೆ. ಕೆಲವು ಸಗಣಿಯ ಅಡಿಯಲ್ಲೇ ಬಿಲ ತೋಡಿ ಒಳಗೆ ಎಳೆದುಕೊಳ್ಳುತ್ತವೆ. ಇನ್ನು ಕೆಲವು ಸಗಣಿಯೊಳಗೇ ಸಂಸಾರ ಹೂಡುತ್ತವೆ. ಹೂಳಿದ ಉಂಡೆಯಲ್ಲಿ ಮೊಟ್ಟೆ ಇಡುತ್ತವೆ. ಮರಿಗೆ ಅದೇ ಊಟ.

ಇದರಿಂದ ನಮಗೇನು? ಗೊಬ್ಬರ ಬೇರಿನ ಹತ್ತಿರ ಹೋಗುತ್ತದೆ. ಬಿಲದಲ್ಲಿ ಮಳೆನೀರು ಇಳಿಯುತ್ತದೆ. ಬಿಸಿಲಿಗೆ ಬಿದ್ದ ಸಗಣಿಯ ಸಾರಜನಕ ಗಾಳಿಪಾಲು, ಹೂತರೆ ಬಹುಪಾಲು ಮಣ್ಣಿಗೆ. ನೊಣ ಹೆಚ್ಚಲು ಜಾಗವೂ ಕಡಿಮೆ. ಆಸ್ಟ್ರೇಲಿಯಾದ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತು, ದನದ ಸಗಣಿ ಒಗ್ಗಲಿಲ್ಲ. ಹುಲ್ಲುಗಾವಲೆಲ್ಲ ಸಗಣಿ, ನೊಣ. ಕೊನೆಗೆ 1960ರ ದಶಕದಿಂದ ಅವರು ಹೊರದೇಶದ ಹುಳು ತಂದು ಬಿಟ್ಟರು. ಅದರಲ್ಲಿ ಬಹಳಷ್ಟು ಆಫ್ರಿಕಾದವು.

ನನ್ನ ತಪ್ಪು

ಊರಿಗೆ ಬಂದು ನಮ್ಮ ಬೀಳು ಹೊಲ ನೋಡಿದೆ. ಸಗಣಿ ಬಿದ್ದಲ್ಲೇ ಬಿಲ್ಲೆಯಾಗಿ ಒಣಗಿತ್ತು. ನಾನು ಹುಡುಗನಾಗಿದ್ದಾಗ ಮಳೆ ಬಿದ್ದು ನಾಲ್ಕು ದಿನಕ್ಕೆ ಸಗಣಿ ಪುಡಿಯಾಗಿ, ಅಡಿಯಲ್ಲಿ ತೂತು ಕಾಣುತ್ತಿದ್ದವು. ಪಶುವೈದ್ಯರನ್ನು ಕೇಳಿದೆ. ಜಂತುಹುಳಕ್ಕೆ ಏನು ಕೊಡುತ್ತೀರಿ ಅಂದರು. ಐವರ್ಮೆಕ್ಟಿನ್ ಚುಚ್ಚುಮದ್ದು. ಆ ಔಷಧಿ ಸಗಣಿಯಲ್ಲಿ ಹೊರಬಿದ್ದು, ಕೆಲವು ವಾರ ಸಗಣಿ ಹುಳುವಿನ ಮರಿಗಳನ್ನು ಕೊಲ್ಲುತ್ತದಂತೆ. ಮುಂಗಾರಿಗೆ ಹುಳು ಮೇಲೆದ್ದು ಬರುವ ಹೊತ್ತಿಗೇ ನಾನು ವರ್ಷವೂ ಎಲ್ಲ ದನ-ಕುರಿಗೆ ಚುಚ್ಚಿಸುತ್ತಿದ್ದೆ. ಅದೊಂದೇ ಕಾರಣ ಅಲ್ಲದಿರಬಹುದು, ಆದರೆ ನನ್ನ ಕೈಯಲ್ಲಿದ್ದ ಕಾರಣ ಅದು.

ಔಷಧಿ ಬಿಟ್ಟಿಲ್ಲ, ಬಿಡಲೂ ಬಾರದು. ಈಗ ಮೊದಲು ಸಗಣಿ ಪರೀಕ್ಷೆ ಮಾಡಿಸುತ್ತೇನೆ. ಜಂತು ಇದ್ದುದಕ್ಕೆ ಮಾತ್ರ ಔಷಧಿ. ಹುಳುವಿಗೆ ಅಷ್ಟು ಕೆಡುಕಾಗದ ಬೇರೆ ಔಷಧಿಗಳೂ ಇವೆ, ವೈದ್ಯರನ್ನೇ ಕೇಳಿ. ಚುಚ್ಚಿಸಿದ ದನವನ್ನು ಎರಡು ವಾರ ಕೊಟ್ಟಿಗೆಯಲ್ಲೇ ಕಟ್ಟಿ, ಸಗಣಿಯನ್ನು ತಿಪ್ಪೆಗೆ ಹಾಕುತ್ತೇನೆ. ಹೊಲದಲ್ಲಿ ಕುರಿಮಂದೆ ತರುಬಿಸುವ ಮುಂಚೆ, ಯಾವಾಗ ಚುಚ್ಚಿಸಿದ್ದು ಅಂತ ಕುರಿಯವರನ್ನು ಕೇಳುತ್ತೇನೆ.

ಮುಂದಿನ ಮಳೆ ಬಿದ್ದ ಮೇಲೆ ನಿಮ್ಮ ಹೊಲದ ಸಗಣಿಯನ್ನು ಕೋಲಿನಿಂದ ಎತ್ತಿ ನೋಡಿ. ಅಡಿಯಲ್ಲಿ ಎಷ್ಟು ತೂತು ಇದ್ದವು, ಪತ್ರಿಕೆಗೆ ಬರೆಯಿರಿ.